ಕುಡಿಯದೆ ಉಳಿದ ಎಳನೀರು

ಹಬ್ಬದ ಮರುದಿನ ಗೌತಮ ಮಾಸ್ತರ ಏಳುವುದಿಲ್ಲ ಎಂಬುದು ಹುಬ್ಬಳ್ಳಿಯ ಕೇಶ್ವಾಪುರದ ಆ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಹಾಲಿನವನಿಗೆ ಗೊತ್ತು, ಪೇಪರಿನವನಿಗೆ ಗೊತ್ತು, ಎದುರುಮನೆಯ ಆಟೋ ನವಾಜನಿಗಂತೂ ಬಾಯಿಪಾಠ. ಬೇರೆ ಯಾರಾದರೂ ಆಗಿದ್ದರೆ ಓಣಿ ಇದನ್ನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ; ಹೋಳಿಗೆ ಉಂಡವರು ಮಲಗುವುದು ಲೋಕರೂಢಿ. ಆದರೆ ಗೌತಮ ಮುಗದದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಊರ ಮಕ್ಕಳನ್ನೆಲ್ಲ ಸೀಟಿ ಊದಿ ಎಬ್ಬಿಸುವವನೇ ಹಾಸಿಗೆಯಲ್ಲಿ ಉಳಿದರೆ, ಸೋರುವ ಮಾಳಿಗೆಯ ಕೆಳಗೆ ಛತ್ರಿ ಅಂಗಡಿ ಇಟ್ಟಂತೆ. ಗಿರಾಕಿಗಳು ನಗದೆ ಬಿಡುತ್ತಾರೆಯೇ?

ನೋಡಲಿಕ್ಕೆ ಆಳು ಗಟ್ಟಿ. ಮೂವತ್ತೈದರ ಆಸುಪಾಸು, ಖೋ ಖೋ ಆಡಿ ಆಡಿ ಕಡೆದು ಇಟ್ಟಂತಿದ್ದ ಮೀನಖಂಡ. ದಿನಾ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಮುಗದದಲ್ಲಿ ಇಳಿದು, ಅಲ್ಲಿಂದ ಶಾಲೆಯವರೆಗೆ ಓಡಿಯೇ ಹೋಗುತ್ತಿದ್ದ. ಅಂಥವನು ಒಂದೊಂದು ಮುಂಜಾನೆ ಕಣ್ಣು ಬಿಟ್ಟರೆ ಸೊಂಟದ ಕೆಳಗಿನ ದೇಹ ಬೇರೆ ಯಾರದೋ ಆಗಿರುತ್ತಿತ್ತು. ನೋವಿಲ್ಲ, ಜೋಮಿಲ್ಲ. ಹೆಂಡತಿ ಪಾದ ಚಿವುಟಿದರೆ ಗೊತ್ತಾಗುತ್ತಿತ್ತು. ಆದರೆ ಏಳು ಎಂದು ಒಳಗಿನಿಂದ ಎಷ್ಟು ಹೇಳಿದರೂ ಕಾಲು ಕೇಳಿಸಿಕೊಳ್ಳುತ್ತಿರಲಿಲ್ಲ. ತೋಳು ಅರ್ಧಕ್ಕೆ ಎದ್ದು ಮತ್ತೆ ಬೀಳುತ್ತಿತ್ತು. ನಾಲಿಗೆಯೊಂದು ಸರಿಯಾಗಿ ಆಡುತ್ತಿತ್ತು, ಅದೇ ಅವನಿಗೆ ಮುಳುವಾಯಿತು. ಮಾತು ನಿಂತ ರೋಗಿಯನ್ನು ಜನ ನಂಬುತ್ತಾರೆ. ಮಲಗಿಕೊಂಡೇ ಚಹಾ ಕೇಳುವವನನ್ನು ಯಾರು ನಂಬುತ್ತಾರೆ?

"ಸರ, ನಿಮ್ಮ ರೋಗಕ್ಕ ಕ್ಯಾಲೆಂಡರ್ ಓದಾಕ ಬರತೈತಿ ನೋಡ್ರಿ," ಎನ್ನುತ್ತಿದ್ದ ನವಾಜ. "ಯುಗಾದಿಗೆ ಬರತೈತಿ, ಪಂಚಮಿಗೆ ಬರತೈತಿ. ನಮ್ಮ ಈದಿನ ಸುರಕುಂಬಾ ಪಾಯಸ ಕುಡದಾಗೂ ಬಂದಿತ್ತು. ಜಾತಿ ಭೇದ ಮಾಡೂದಿಲ್ಲ, ಛಲೋ ರೋಗ."

ಹಾಗೆ ಬಿದ್ದಾಗ ಏನು ಕುಡಿಸಬೇಕು ಎಂಬುದರಲ್ಲಿ ಮನೆಯಲ್ಲಿ ಎರಡು ಪಕ್ಷ. ತಾಯಿ ದುರಗವ್ವ ಎಳನೀರಿನ ಪಕ್ಷ. ಜ್ವರಕ್ಕೆ, ಬಿಸಿಲಿಗೆ, ಗಂಡಸರ ಸಿಟ್ಟಿಗೆ, ಎಲ್ಲಕ್ಕೂ ಆಕೆಯ ಬಳಿ ಅದೊಂದೇ ಮದ್ದು. ಹೆಂಡತಿ ಪ್ರಭಾವತಿ ಶಿರಗುಪ್ಪಿಯ ಒಕ್ಕಲುತನದ ಮನೆಯ ಮಗಳು. ಅವಳ ತವರಿನಲ್ಲಿ ದಣಿದು ಬಂದವರಿಗೂ ದಣಿದು ಬಿದ್ದವರಿಗೂ ಮೊದಲು ಕೊಡುವುದು ಬೆಲ್ಲ ನೀರು. ಎರಡೂ ಹಿರಿಯರು ಮಾಡಿಟ್ಟ ಪದ್ಧತಿಗಳೇ, ತಕರಾರಿಲ್ಲ. ತಕರಾರು ಬಂದದ್ದು ಫಲದಲ್ಲಿ. ಕೇಶ್ವಾಪುರದಲ್ಲಿ ಬಿದ್ದರೆ ಗೌತಮ ಹತ್ತು ಗಂಟೆಗೆಲ್ಲ ಗೋಡೆ ಹಿಡಿದು ನಿಲ್ಲುತ್ತಿದ್ದ. ಸೀಗಿ ಹುಣ್ಣಿಮೆಗೆ ಶಿರಗುಪ್ಪಿಗೆ ಹೋಗಿ, ಹೊಲದಲ್ಲಿ ಚರಗದ ನೈವೇದ್ಯ ಚೆಲ್ಲಿ, ಕಡುಬು ಹೋಳಿಗೆ ಉಂಡು ಮಲಗಿದರೆ ಮಾತ್ರ ಮರುದಿನ ದೀಪ ಹಚ್ಚುವ ಹೊತ್ತಾದರೂ ಏಳುತ್ತಿರಲಿಲ್ಲ.

"ಬೀಗರ ಮನ್ಯಾಗ ಏನ್ ಉಣಿಸ್ತಾರೋ, ಯಾರ ಕಣ್ಣು ಬೀಳತೈತೋ," ಎಂದು ದುರಗವ್ವ ತೊಳೆಯುತ್ತಿದ್ದ ಪಾತ್ರೆಗೆ ಹೇಳಿದಂತೆ ಹೇಳುತ್ತಿದ್ದಳು.

"ಕಣ್ಣಲ್ಲ ಅತ್ತಿ, ಶೇಂಗಾ," ಎಂದು ಪ್ರಭಾವತಿ ರೊಟ್ಟಿ ಬಡಿಯುತ್ತಲೇ ಉತ್ತರಿಸುತ್ತಿದ್ದಳು. "ನಮ್ಮಪ್ಪ ಶೇಂಗಾ ಕೀಳಾಕ ಕರೀತಾನಂತ ಗೊತ್ತಾದ್ರ ನಿಮ್ಮ ಮಗಾ ಸಂಜಿತನಕ ಏಳೂದಿಲ್ಲ."

ಇಬ್ಬರ ನಡುವೆ ಮಲಗಿದ್ದ ಗೌತಮನಿಗೆ ನಗು ಬರುತ್ತಿತ್ತು, ಆಮೇಲೆ ಬರುತ್ತಿರಲಿಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತ ಹೋದರೆ ಮನುಷ್ಯನಿಗೆ ತನ್ನ ಮೇಲೆಯೇ ಸಂಶಯ ಹುಟ್ಟುತ್ತದೆ. ನಾನು ಖರೇನೇ ಮೈಗಳ್ಳನೋ ಏನೋ, ಮನಸ್ಸಿಗೆ ಬೇಡವಾದದ್ದನ್ನು ಕಾಲು ಮೊದಲೇ ತಿಳಿದುಕೊಳ್ಳುತ್ತದೋ ಏನೋ ಎಂದು ಅವನು ಎಷ್ಟೋ ಸಲ ತೊಲೆ ನೋಡುತ್ತ ಯೋಚಿಸಿದ್ದ.

ದವಾಖಾನೆಗೆ ಹೋಗಿರಲಿಲ್ಲ ಎಂದಲ್ಲ. ನವಾಜನ ಆಟೋದಲ್ಲಿ ಹತ್ತಿಯ ಅಂಡಿಗೆಯಂತೆ ಹೇರಿಕೊಂಡು ಹೋಗುತ್ತಿದ್ದರು. ದುರಗವ್ವ ಮನೆಯಲ್ಲಿ ಒಂದು ಎಳನೀರು ಕುಡಿಸಿದ್ದು ಸಾಲದೆ ದಾರಿಯಲ್ಲೊಂದು, ಚೀಟಿ ಮಾಡಿಸುವ ಪಾಳಿಯಲ್ಲೊಂದು ಕುಡಿಸುತ್ತಿದ್ದಳು. ಡಾಕ್ಟರು ಕರೆಯುವ ಹೊತ್ತಿಗೆ ರೋಗಿ ಚಪ್ಪಲಿ ಹುಡುಕಿಕೊಂಡು ತಾನೇ ನಡೆದು ಒಳಗೆ ಹೋಗುತ್ತಿದ್ದ. ರಕ್ತ ತಪಾಸಣೆಯಲ್ಲಿ ಎಲ್ಲ ಸರಿ. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು, ಮೂರನೆಯವರು ಶಕ್ತಿಯ ಗುಳಿಗೆ ಬರೆದು ಪುಣ್ಯ ಕಟ್ಟಿಕೊಂಡರು.

ಇದೆಲ್ಲ ಮನೆಯೊಳಗಿನ ನಗೆಚಾಟಿಕೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಹೋದ ವರ್ಷ ಗೌತಮನ ಹುಡುಗಿಯರ ಖೋ ಖೋ ತಂಡ ತಾಲೂಕು ಪಂದ್ಯ ಗೆದ್ದಿತು. ಊರವರು ಸಂತೋಷಕ್ಕೆ ಗೋಧಿ ಹುಗ್ಗಿ ಮಾಡಿ ಉಣಿಸಿದರು. ಮರುದಿನ ನಸುಕಿನಲ್ಲೇ ಜಿಲ್ಲಾ ಪಂದ್ಯಕ್ಕೆ ಹೊರಟಾಗ ಮಾಸ್ತರೇ ಇಲ್ಲ. ಹೆಡ್‌ಮಿಸ್ಟ್ರೆಸ್ ರಜನಿ ಮೇಡಂ ಹಿಂದಿ ಮಾಸ್ತರರನ್ನು ಕಳಿಸಿದರು; ಅವರಿಗೆ ಖೋ ಖೋಗೂ ಕಬಡ್ಡಿಗೂ ಇರುವ ವ್ಯತ್ಯಾಸ ತಿಳಿದದ್ದು ಮೈದಾನದಲ್ಲಿ. ಹುಡುಗಿಯರು ಮೊದಲ ಪಂದ್ಯಕ್ಕೇ ಸೋತು, ಬಸ್ಸಿನಲ್ಲಿ ಅಳುತ್ತ ಬಂದರು.

ಈ ವರ್ಷವೂ ತಾಲೂಕು ಗೆದ್ದಿತು. ರಜನಿ ಮೇಡಂ ಗೌತಮನನ್ನು ತಮ್ಮ ಕೋಣೆಗೆ ಕರೆಸಿದರು. ಅವರು ಧಾರವಾಡದ ಹಳೆಯ ಮಾಸ್ತರಿಕೆಯ ಮನೆತನದವರು. ಮಾತು ಬೆಣ್ಣೆ, ಆದರೆ ಬೆಣ್ಣೆಯೊಳಗೆ ಚಾಕು ಅಡಗಿರುತ್ತದೆ ಎಂಬುದು ಶಾಲೆಗೆಲ್ಲ ಗೊತ್ತಿತ್ತು.

"ಗೌತಮ ಸರ, ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಶುಕ್ರವಾರ ಮಧ್ಯಾಹ್ನ ತಂಡ ಕರಕೊಂಡು ಹೋಗಿ ಹೆಸರು ಕೊಡೂದದ, ಶನಿವಾರ ಪಂದ್ಯ. ಶುಕ್ರವಾರ ನೀವು ಬರಲಿಲ್ಲಂದ್ರ ಖೋ ಖೋ ನಾ ಬ್ಯಾರೆದವರಿಗೆ ಕೊಡ್ತೇನಿ. ಈ ವರ್ಷದ್ದಷ್ಟ ಅಲ್ಲ, ಕಾಯಂ."

"ಬರ್ತೇನ್ರಿ ಮೇಡಂ."

"ಹೋದ ವರ್ಷನೂ ಹಿಂಗ ಅಂದಿದ್ರಿ."

ಈ ಮಾತಿನ ಹಿಂದೆ ಇನ್ನೊಂದು ಮಾತು ಅವನ ತಲೆಯಲ್ಲಿತ್ತು. ಪಂಚಮಿಯ ಉಂಡೆ ತಿಂದು ಬಿದ್ದು ಎದ್ದ ಮೇಲೆ ಪ್ರಭಾವತಿ ಅವನನ್ನು ಋತುಜಾ ಎಂಬ ಹೊಸ ಡಾಕ್ಟರ ಬಳಿ ಎಳೆದುಕೊಂಡು ಹೋಗಿದ್ದಳು. ಆಕೆ ಎಲ್ಲರಂತೆ ಎಲ್ಲಿ ನೋವು ಎಂದು ಕೇಳಲಿಲ್ಲ. ಹಿಂದಿನ ರಾತ್ರಿ ಏನು ಉಂಡಿರಿ, ಉಣ್ಣುವ ಮುಂಚೆ ಎಷ್ಟು ಓಡಿದಿರಿ, ಬೆಳಿಗ್ಗೆ ಏನು ಕುಡಿದಿರಿ ಎಂದು ಅಡುಗೆಮನೆಯ ವಿಚಾರಣೆಯನ್ನೇ ನಡೆಸಿದರು. ಥೈರಾಯಿಡ್ ತಪಾಸಣೆ ಮಾಡಿಸಿದರು, ಅದು ಸರಿ ಇತ್ತು. ಕೊನೆಗೆ ಹೇಳಿದರು:

"ಮುಂದಿನ ಸಲ ಬಿದ್ದಾಗ ಲಗೂನ ಬರ್ರಿ. ಬರೂತನಕ ಎಳನೀರೂ ಬ್ಯಾಡ, ಬೆಲ್ಲ ನೀರೂ ಬ್ಯಾಡ. ಎದ್ದು ನಡಕೋತ ಬಂದವರ ರಕ್ತದಾಗ ನನಗ ಏನೂ ಸಿಗೂದಿಲ್ಲ. ಮತ್ತ ಉಸಿರಾಡ್ಲಿಕ್ಕೆ, ನುಂಗ್ಲಿಕ್ಕೆ ಏನರೆ ತ್ರಾಸ ಆತಂದ್ರ ನನ್ನ ದಾರಿ ಕಾಯಬ್ಯಾಡ್ರಿ, ಹತ್ತಿರದ ದೊಡ್ಡ ದವಾಖಾನಿಗೆ ನಡೀರಿ."

ಸರಿಯಾದ ಮಾತು. ಖಾಲಿಯಾದ ಕಪಾಟಿಗೆ ಮಾಲು ತುಂಬಿದ ಮೇಲೆ ಕೊರತೆ ಎಲ್ಲಿ ಬಿತ್ತು ಎಂದು ಹುಡುಕಿದರೆ ಯಾವ ತಪಾಸಣೆಗೆ ಸಿಕ್ಕೀತು?

ಗುರುವಾರ ಸಂಜೆ ಊರವರು ಮತ್ತೆ ಹುಗ್ಗಿಯ ಹಂಡೆ ಏರಿಸಿದರು. ಗೌತಮ ಅಂದು ಹುಡುಗಿಯರ ಜೊತೆ ಮಧ್ಯಾಹ್ನವೆಲ್ಲ ಓಡಿದ್ದ. ಉಣ್ಣಬಾರದೆಂದು ನಿಶ್ಚಯ ಮಾಡಿಕೊಂಡೇ ಪಂಕ್ತಿಯಲ್ಲಿ ಕೂತ. ಆದರೆ ಈ ಸೀಮೆಯಲ್ಲಿ ಬೇಡ ಎಂದವನ ತಾಟಿಗೆ ಒಂದು ಸೌಟು ಹೆಚ್ಚಿಗೆ ಬೀಳುತ್ತದೆ. ತಂಡದ ನಾಯಕಿ ಸಿತಾರಾಳ ತಾಯಿ, "ಸರ, ನೀವ ಉಣಲಿಲ್ಲಂದ್ರ ಹುಡುಗ್ಯಾರಿಗೆ ಏನಂತ ಬಡಸೂಣ್ರಿ?" ಎಂದಳು. ಮೇಲೆ ತುಪ್ಪ ಬಿತ್ತು. ನಿಶ್ಚಯ ಅದರಲ್ಲಿ ಕರಗಿತು.

ಶುಕ್ರವಾರ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅವನಿಗೆ ಗೊತ್ತಾಯಿತು. ಮಗ್ಗುಲು ಹೊರಳಲು ನೋಡಿದ, ಆಗಲಿಲ್ಲ. ಹುಗ್ಗಿಯ ಸುದ್ದಿ ಕೇಳಿದ್ದ ದುರಗವ್ವ ಹಿಂದಿನ ಸಂಜೆಯೇ ಎಳನೀರು ತರಿಸಿಟ್ಟಿದ್ದಳು. ಕೆತ್ತಿ, ಲೋಟಕ್ಕೆ ಬಗ್ಗಿಸಿ, ಮಗನ ತಲೆ ಎತ್ತಿ ಹಿಡಿದಳು.

"ಕುಡಿ. ಹತ್ತಕ್ಕ ಎದ್ದಿ ಅಂದ್ರ ಮಧ್ಯಾಹ್ನಕ್ಕ ಸಾಲ್ಯಾಗ ಇರ್ತಿ. ಆ ಮೇಡಂ ಬಾಯಿ ಮುಚ್ಚತೈತಿ."

"ಅತ್ತಿ, ಕುಡಿಸಬ್ಯಾಡ್ರಿ. ಡಾಕ್ಟರ್ ಏನ್ ಹೇಳ್ಯಾರ?" ಪ್ರಭಾವತಿ ಲೋಟದ ಅಂಚು ಹಿಡಿದಳು.

"ನಿನ್ನ ಡಾಕ್ಟರ್ ಇವತ್ತ ತಂಡ ಕರಕೊಂಡ ಹೋಗ್ತಾಳೇನು? ಬಿಡ ಕೈ."

"ಇವತ್ತ ಎಬ್ಬಿಸ್ತೀರಿ. ದೀಪಾವಳಿಗೆ? ಸಂಕ್ರಮಣಕ್ಕ? ಜನ್ಮಪೂರ್ತಿ ಲೋಟಾ ಹಿಡಕೊಂಡ ನಿಂದರ್ತೀರೇನು?"

"ನಿಂದರ್ತೇನಿ. ನಾ ಹಡದೇನಿ."

ಬಾಗಿಲಲ್ಲಿ ನಿಂತಿದ್ದ ನವಾಜ ಕೆಮ್ಮಿದ. "ಅವ್ವಾರ, ಗಾಡಿ ಚಾಲೂ ಮಾಡ್ಲೋ, ಬಂದ್ ಮಾಡ್ಲೋ, ಅಷ್ಟ ಹೇಳಿಬಿಡ್ರಿ. ಪೆಟ್ರೋಲು ಯಾರ ಪಕ್ಷನೂ ಅಲ್ಲ."

ಲೋಟ ಗೌತಮನ ತುಟಿಗೆ ಒಂದು ಗೇಣು ದೂರದಲ್ಲಿತ್ತು. ಕುಡಿದರೆ ಇಂದಿನ ದಿನ ಉಳಿಯುತ್ತದೆ: ತಂಡದ ಜೊತೆ ಹೋಗಬಹುದು, ಮೇಡಂ ಮುಂದೆ ನೆಟ್ಟಗೆ ನಿಲ್ಲಬಹುದು. ಆದರೆ ದೀಪಾವಳಿಯ ಮರುದಿನ ಮತ್ತೆ ಇದೇ ಹಾಸಿಗೆ, ಇದೇ ನಗು. ಕುಡಿಯದಿದ್ದರೆ ತಂಡ ಇಂದೇ ಕೈತಪ್ಪುತ್ತದೆ. ದವಾಖಾನೆಯಲ್ಲಿ ಏನಾದರೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಎರಡೂ ಹೋಯಿತು. ಇಂಥ ವ್ಯಾಪಾರಕ್ಕೆ ಬುದ್ಧಿವಂತರು ಕೈ ಹಾಕುವುದಿಲ್ಲ. ರಜನಿ ಮೇಡಂಗೆ ಫೋನ್ ಹಚ್ಚಿ ತನ್ನ ಕಿವಿಗೆ ಹಿಡಿಯಲು ಗೌತಮ ಹೆಂಡತಿಗೆ ಹೇಳಿದ.

"ಮೇಡಂ, ನಾ ಇವತ್ತ ಬರೂದು ಆಗೂದಿಲ್ರಿ. ಬಿದ್ದೇನಿ. ದವಾಖಾನಿಗೆ ಹೊಂಟೇನಿ."

"ಹುಗ್ಗಿ ಊಟ ಆತೇನ್ರಿ ನಿನ್ನೆ?"

"ಆತ್ರಿ."

"ಆರಾಮ ಮಾಡ್ರಿ," ಎಂದು ಮೇಡಂ ಫೋನ್ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಯವ್ವಾ, ಅದನ್ನ ಒಳಗಿಡು," ಎಂದ ಗೌತಮ. "ನವಾಜ, ನಡಿ."

ದುರಗವ್ವ ಲೋಟ ಮುಚ್ಚಿಟ್ಟು ಅವರ ಜೊತೆ ದವಾಖಾನೆಗೆ ಹೊರಟಳು. ಅಲ್ಲಿ ಋತುಜಾ ಬಂದವರೇ ಮೊದಲು ರಕ್ತ ತೆಗೆದರು, ಎದೆಗೆ ತಂತಿ ಹಚ್ಚಿ ಇಸಿಜಿ ಮಾಡಿಸಿದರು. ಪಟ್ಟಿಯ ಮೇಲಿನ ಅಲೆ ತಗ್ಗಿ ಚಪ್ಪಟೆಯಾಗಿ ಮೂಡಿತು. ಅಷ್ಟರಲ್ಲಿ ನರ್ಸ್ ಒಬ್ಬಳು ಗ್ಲೂಕೋಸ್ ಬಾಟಲಿ ತಂದು ಕಂಬಕ್ಕೆ ತೂಗುಹಾಕಿದಳು. ದುರಗವ್ವನ ಮುಖ ಮೊದಲ ಬಾರಿಗೆ ಅರಳಿತು. ಬಾಟಲಿ ಹಚ್ಚಿದರೆ ಅದು ದವಾಖಾನೆ.

"ಅದನ್ನ ತಗೀರಿ," ಎಂದರು ಋತುಜಾ. "ಇವರ ರಕ್ತದಾಗ ಪೊಟ್ಯಾಸಿಯಂ ಇಳದಂಗ ಕಾಣತದ, ಸಕ್ಕರಿ ಹೋತಂದ್ರ ಇನ್ನೂ ಕೆಳಗ ಇಳೀತದ."

"ಬಾಟ್ಲಿ ಹಚ್ಚದ ಎಂಥಾ ದವಾಖಾನಿ ಬೇ ಇದು?" ಎಂದು ದುರಗವ್ವ ಸೊಸೆಯನ್ನು ಕೇಳಿದಳು.

ಸ್ವಲ್ಪ ಹೊತ್ತಿಗೆ ರಕ್ತದ ವರದಿ ಬಂತು. ಪೊಟ್ಯಾಸಿಯಂ ಇರಬೇಕಾದುದರ ಅರ್ಧಕ್ಕಿಂತ ತುಸು ಮೇಲಿತ್ತು, ಅಷ್ಟೆ. ಋತುಜಾ ಕುರ್ಚಿ ಎಳೆದುಕೊಂಡು ಮಂಚದ ಬದಿಗೆ ಕೂತರು.

"ಸಿಕ್ತು ನೋಡ್ರಿ. ನೀವು ನಾಟಕಾ ಮಾಡ್ಲಿಕ್ಕೆ ಹತ್ತಿಲ್ಲ."

ಗೌತಮ ಕಣ್ಣು ಮುಚ್ಚಿ ತೆರೆದ. "ಹಂಗಾದ್ರ ನನ್ನ ಮೈಯಾಗ ಅದು ಖಾಲಿ ಆಗೇತೇನ್ರಿ?"

"ಖಾಲಿ ಆಗಿಲ್ಲ, ಜಾಗಾ ಬದಲಿ ಮಾಡ್ಯದ. ಒಂದೊಂದು ಜೀವಕೋಶಕ್ಕೂ ಒಂದು ತೆಳು ಪೊರೆ ಇರ್ತದ. ಪೊರೆ ಒಳಗ ಪೊಟ್ಯಾಸಿಯಂ ಹೆಚ್ಚು, ಹೊರಗ ಸೋಡಿಯಂ ಹೆಚ್ಚು. ಪೊರ್ಯಾಗಿನ ಪಂಪುಗಳು ಹಗಲೂ ರಾತ್ರಿ ಸೋಡಿಯಂ ಹೊರಗ ದಬ್ಬತಾವ, ಪೊಟ್ಯಾಸಿಯಂ ಒಳಗ ಎಳೀತಾವ. ಒಳಗಿನ ಪೊಟ್ಯಾಸಿಯಂ ತುಸು ತುಸು ಹೊರಗ ಸೋರಿ ಹೋಗೂಮುಂದ ಧನ ವಿದ್ಯುತ್ ಹೊತ್ತಕೊಂಡು ಹೋಗ್ತದ. ಅದಕ್ಕ ಒಳಬದಿ ಋಣ ಆಗಿರ್ತದ. ಸಣ್ಣ ಬ್ಯಾಟರಿ ಅಂತ ತಿಳೀರಿ. ನರ ಬಂದು ತಟ್ಟಿದ್ರ ಸೋಡಿಯಂ ಬಾಗಿಲಾ ತೆಗೀತಾವ, ಸೋಡಿಯಂ ಒಳಗ ನುಗ್ಗತದ, ಸ್ನಾಯು ಎಳಕೋತದ. ನಿನ್ನೆ ನೀವು ದಣದು ಬಂದು ಸಿಹಿ ಉಂಡ್ರಿ. ಇನ್ಸುಲಿನ್ ಬಂತು, ಪಂಪು ಜೋರಾದ್ವು. ರಕ್ತದಾಗಿನ ಪೊಟ್ಯಾಸಿಯಂ ಸ್ನಾಯುವಿನ ಒಳಗ ಹೋಗಿ ಕೂತದ."

ಮಾಲು ಗೋದಾಮಿನಲ್ಲಿದೆ, ಅಂಗಡಿಯಲ್ಲಿಲ್ಲ. ಬಾಗಿಲಿಗೆ ಬಂದ ಗಿರಾಕಿಗೆ ಅದೂ ಒಂದೇ, ಇಲ್ಲದಿರುವುದೂ ಒಂದೇ.

"ನಾ ಎರಡು ತಾಟು ಉಂಡ್ರೂ ಗಾಡಿ ಹೊಡೀತೇನಲ್ರಿ ಮೇಡಂ," ಎಂದ ನವಾಜ.

"ನಿಮಗೂ ತುಸು ಒಳಗ ಹೋಗ್ತದ, ತ್ರಾಸ ಆಗೂದಿಲ್ಲ. ಇವರ ಪೊರ್ಯಾಗಿನ ಒಂದು ಜಾತಿ ಬಾಗಿಲಿಗೆ ಹುಟ್ಟಾ ಒಂದು ಸಂದಿ ಇರಬೇಕು. ಅದರಾಗಿಂದ ಧನ ವಿದ್ಯುತ್ ಒಳಗ ಜಿನಗತದ. ರಕ್ತದಾಗ ಪೊಟ್ಯಾಸಿಯಂ ಸಾಕಷ್ಟು ಇರೂತನಕ ಬ್ಯಾಟರಿ ತಡಕೋತದ. ಕಡಿಮಿ ಆತೋ, ಅರ್ಧಕ್ಕ ಇಳದು ನಿಂತುಬಿಡ್ತದ. ಹಂಗ ಅರ್ಧಕ್ಕ ನಿಂತ್ರ ಸೋಡಿಯಂ ಬಾಗಿಲಾ ಚಿಲಕಾ ಹಾಕ್ಕೋತಾವ. ಆಮ್ಯಾಲೆ ನರ ಎಷ್ಟು ತಟ್ಟಿದ್ರೂ ತೆಗಿಯೂದಿಲ್ಲ."

ಗೌತಮ ತೊಲೆಯಿಲ್ಲದ ಬಿಳಿ ಛತ್ತು ನೋಡುತ್ತ ಇದನ್ನು ಮೆಲುಕು ಹಾಕಿದ. "ಅರ್ಧ ಎದ್ದಾಕಿಗೆ ಖೋ ಕೊಟ್ಟಂಗ," ಎಂದ ಮೆಲ್ಲಗೆ.

"ಅಂದ್ರ?"

"ಖೋ ಖೋದಾಗ್ರಿ. ಚೌಕದಾಗ ಕುಂತಾಕಿ ಪೂರಾ ಕುಂತಿರಬೇಕು. ಬೆನ್ನಿಗೆ ಖೋ ಬೀಳೂದಕ್ಕ ಮೊದಲ ಅರ್ಧ ಎದ್ದಳಂದ್ರ ಫೌಲು. ಮತ್ತ ಪೂರಾ ಕುಂತು ಹೊಸಾ ಖೋ ತಗೋಬೇಕು. ಅಲ್ಲಿತನಕ ಎಷ್ಟು ಬಡದ್ರೂ ಉಪಯೋಗಿಲ್ಲ."

ಋತುಜಾ ನಕ್ಕರು. "ಹಂಗ ಅನ್ರಿ. ನಿಮ್ಮ ಕಾಲು ಅರ್ಧ ಎದ್ದು ನಿಂತಾವ. ಈಗ ಪೊಟ್ಯಾಸಿಯಂ ಕುಡಿಸಿ ಅವನ್ನ ಮತ್ತ ಕೂಡಿಸಬೇಕು."

"ಕೂಡಿಸಿದ್ರ ಏಳತೇನಿ."

"ಕೂಡಿಸಿದ್ರ ಏಳ್ತೀರಿ. ಅವಸರ ಮಾಡೂದಿಲ್ಲ, ಒಮ್ಮೆಲೆ ಹೆಚ್ಚಾದ್ರ ಹೃದಯಕ್ಕ ಛಲೋ ಅಲ್ಲ."

ಪೊಟ್ಯಾಸಿಯಂ ಔಷಧದ ರುಚಿ ಹುಗ್ಗಿಯ ಪ್ರಾಯಶ್ಚಿತ್ತಕ್ಕೆಂದೇ ಮಾಡಿದಂತಿತ್ತು. ಅವನು ಮುಖ ಕಿವುಚಿ ಕುಡಿಯುತ್ತಿರುವಾಗ ಪ್ರಭಾವತಿ ಎಳನೀರು, ಬೆಲ್ಲ ನೀರಿನ ಹಳೆಯ ಖಟ್ಲೆಯನ್ನು ಡಾಕ್ಟರ ಮುಂದಿಟ್ಟಳು.

"ಎಳನೀರಿನ್ಯಾಗ ಪೊಟ್ಯಾಸಿಯಂ ಭಾಳ ಅದ, ಅದಕ್ಕ ಇಲ್ಲಿ ಲಗೂ ಏಳತಿದ್ರು. ಬೆಲ್ಲದಾಗೂ ತುಸು ಅದ, ಆದ್ರ ಸಕ್ಕರಿ ಗೆಲ್ಲತದ, ಅದಕ್ಕ ಅಲ್ಲಿ ತಡ," ಎಂದರು ಋತುಜಾ. ದುರಗವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಆದ್ರ ಅಜ್ಜಿ, ನೀವು ಅಷ್ಟು ಮುತುವರ್ಜಿಯಿಂದ ಕುಡಿಸಿದ್ದಕ್ಕನ ಇಷ್ಟು ವರ್ಷ ರೋಗ ಯಾರ ಕೈಗೂ ಸಿಗಲಿಲ್ಲ."

ಇದನ್ನು ಹೊಗಳಿಕೆ ಎಂದು ಇಟ್ಟುಕೊಳ್ಳಬೇಕೋ ವಾಪಸ್ ಕೊಡಬೇಕೋ ದುರಗವ್ವನಿಗೆ ತಿಳಿಯಲಿಲ್ಲ.

"ಇದು ವಂಶದಾಗ ಬರೂದು," ಡಾಕ್ಟರು ಮುಂದುವರಿಸಿದರು. "ಮನ್ಯಾಗ ಮತ್ತ ಯಾರಿಗರೆ ಹಿಂಗ ಆಗತಿತ್ತೇನು?"

ದುರಗವ್ವ ಮಗನ ಪಾದ ನೋಡುತ್ತ ಕೂತಳು. ತೀರಿಹೋದ ಗಂಡ ರಾಮಪ್ಪನ ಪಾದವೂ ಇದೇ ಅಚ್ಚು.

"ಇವರಪ್ಪ ಹಬ್ಬದ ಮರುದಿನ ಏಳತಿದ್ದಿಲ್ರಿ," ಎಂದಳು. "ನಾವು ಅದನ್ನ ರೋಗ ಅಂತ ತಿಳಿದಿದ್ದಿಲ್ಲ. ಗುಣ ಅಂತ ತಿಳಿದಿದ್ವಿ."

ಪ್ರಭಾವತಿ ಅತ್ತೆಯ ಪಕ್ಕಕ್ಕೆ ಸರಿದು ಕೂತಳು.

ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಅಲುಗಿತು, ಸಂಜೆಗೆ ಗೌತಮ ನಿಂತ. ಅಷ್ಟರಲ್ಲಿ ತಂಡ ಹೋಗಿ ಹೆಸರು ಕೊಟ್ಟಾಗಿತ್ತು. ಪ್ರಭಾವತಿ ವರದಿಯ ಫೋಟೋ ತೆಗೆದು ರಜನಿ ಮೇಡಂಗೆ ಕಳಿಸಿದಳು. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ರಾತ್ರಿ ದವಾಖಾನೆಯಲ್ಲೇ ಇಟ್ಟುಕೊಂಡು ಬೆಳಿಗ್ಗೆ ಮತ್ತೆ ರಕ್ತ ನೋಡಿದ ಋತುಜಾ, ಹೋಗಬಹುದು ಆದರೆ ಓಡುವಂತಿಲ್ಲ ಎಂದು ಹೇಳಿ ಬಿಟ್ಟರು. ಮನೆಗೆ ಹೋಗುತ್ತಾನೆಂದು ಅವರು ತಿಳಿದಿದ್ದರು. ಗೌತಮ ಅವಳಿನಗರದ ಚಿಗರಿ ಬಸ್ ಹತ್ತಿ ಪಂದ್ಯ ನಡೆಯುತ್ತಿದ್ದ ಧಾರವಾಡದ ಮೈದಾನಕ್ಕೆ ಹೋದ.

ತಂಡದ ಜೊತೆ ಬಂದವರ ಕುರ್ಚಿಯಲ್ಲಿ ರಜನಿ ಮೇಡಂ ತಾವೇ ಕೂತಿದ್ದರು, ತೊಡೆಯ ಮೇಲೆ ಪರ್ಸು, ಮುಖದ ಮೇಲೆ ಪರೀಕ್ಷೆಗೆ ಓದದೆ ಬಂದವರ ಕಳೆ. ಗೌತಮ ಹಗ್ಗದ ಆಚೆ ಜನರ ಜೊತೆ ನಿಂತ. ಮೊದಲ ಸರದಿ ಮುಗಿದಾಗ ಮೇಡಂ ಅವನನ್ನು ನೋಡಿದರು. ಎದ್ದು ಹಗ್ಗದವರೆಗೆ ಬಂದರು.

"ನಿಂತೀರಲ್ಲ," ಎಂದರು.

"ಹೂನ್ರಿ."

"ನಿಮ್ಮ ರಿಪೋರ್ಟು ನನ್ನ ತಮ್ಮಗ ಕಳಿಸಿದ್ದೆ. ಅವ ಡಾಕ್ಟರ್. ಫೋನಿನ್ಯಾಗ ಏನೇನೋ ಹೇಳಿದ, ಪೊರೆ ಅಂತ, ಪಂಪು ಅಂತ. ನನಗ ತಿಳಿದದ್ದು ಒಂದ, ನೀವು ಸುಳ್ಳು ಹೇಳಿದ್ದಿಲ್ಲ." ಮೇಡಂ ಪರ್ಸಿನ ಗುಂಡಿ ತೆಗೆದು ಹಾಕಿದರು. "ಕೋಚ್ ಅಂತ ನನ್ನ ಹೆಸರು ಹೋಗ್ಯದ. ಈಗ ಬದಲಿ ಮಾಡ್ಲಿಕ್ಕೆ ಬರೂದಿಲ್ಲಂತ."

"ಇರ್ಲಿ ಬಿಡ್ರಿ ಮೇಡಂ."

"ಇರ್ಲಿ ಅಂದ್ರ ಹ್ಯಾಂಗ? ಇದರಾಗ ನನಗ ಏನು ತಿಳೀತದ? ನೀವು ಇಲ್ಲೇ ಹಗ್ಗದ ಹತ್ತಿರ ನಿಂದರ್ರಿ. ಹೇಳ್ರಿ, ನಾ ಕೂಗ್ತೇನಿ."

ಎರಡನೆಯ ಸರದಿ ಶುರುವಾಯಿತು. ಗೌತಮ ತುಟಿ ಅಲುಗದಂತೆ, "ಓಡುವಾಕಿನ್ನ ಕಂಬದ ಕಡೆ ಒತ್ತಾಕ ಹೇಳ್ರಿ," ಎಂದ. ವರ್ಷಾನುಗಟ್ಟಲೆ ಪ್ರಾರ್ಥನೆಯ ಹೊತ್ತಿನಲ್ಲೂ ದನಿ ಏರಿಸದ ರಜನಿ ಮೇಡಂ ಎದ್ದು ನಿಂತು, "ಸಿತಾರಾ, ಕಂಬದ ಕಡೆ ಒತ್ತವಾ," ಎಂದು ಮೈದಾನದ ಆ ತುದಿಗೆ ಕೇಳುವಂತೆ ಕೂಗಿದರು. ಸಿತಾರಾ ಒಮ್ಮೆ ತಿರುಗಿ ಮೇಡಂ ಕಡೆ ನೋಡಿದಳು, ಹಗ್ಗದ ಆಚೆ ನಿಂತವನನ್ನೂ ನೋಡಿದಳು. ಆಮೇಲೆ ಅವಳು ತಿರುಗಿ ನೋಡಲಿಲ್ಲ.

ಆ ಪಂದ್ಯ ಗೆದ್ದರು. ಮಧ್ಯಾಹ್ನದ ಪಂದ್ಯ ಸೋತರು, ಆದರೆ ಹೋರಾಡಿ ಸೋತರು. ಹುಡುಗಿಯರು ಟೆಂಪೋ ಹತ್ತುವಾಗ ಅಳಲಿಲ್ಲ; ಮೇಡಂ ಕೂಗಿದ್ದನ್ನು ಒಬ್ಬೊಬ್ಬಳಾಗಿ ಅಣಕಿಸಿ ನಗುತ್ತಿದ್ದರು. ಮೇಡಂಗೆ ಅದು ಕೇಳುತ್ತಿತ್ತು, ಕೇಳದವರಂತೆ ಮುಂದಿನ ಸೀಟಿನಲ್ಲಿ ಕೂತು ಗೌತಮನಿಗೆ ಪಕ್ಕದ ಜಾಗ ತೋರಿಸಿದರು.

"ಬರೂ ವರ್ಷನೂ ತಂಡ ನಿಮ್ಮದ. ಊರವರಿಗೆ ನಾನ ಹೇಳ್ತೇನಿ," ಎಂದರು, ಕೂಗಿ ಕೂಗಿ ದನಿ ಒಡೆದುಹೋಗಿತ್ತು. "ಹುಗ್ಗಿ ಏನಿದ್ರೂ ಜಿಲ್ಲಾ ಮುಗಿದ ಮ್ಯಾಲೆ. ನೀವು ಪಂಕ್ತಿಯೊಳಗ ಕೂಡಬ್ಯಾಡ್ರಿ, ಬಡಸ್ಲಿಕ್ಕೆ ನಿಂದರ್ರಿ."